ಒಂದೇ ಹೆಸರಿನ ಎರಡು ತಂಡ: ‘ಡಿಸ್ಕೊ ಇನ್ಫರ್ನೊ’ ಹಾಡಿದವರು ಯಾರು?

ಪ್ರಶ್ನೆ: ನನಗೀಗ ಅರವತ್ತೈದು ದಾಟಿದೆ. ಕಾಲೇಜಿನಲ್ಲಿದ್ದಾಗ ಗೆಳೆಯನ ಕ್ಯಾಸೆಟ್ಟಿನಲ್ಲಿ ಕೇಳಿದ ಟ್ರ್ಯಾಂಪ್ಸ್ ತಂಡದ ‘ಡಿಸ್ಕೊ ಇನ್ಫರ್ನೊ’ ಇವತ್ತಿಗೂ ಕಿವಿಯಲ್ಲಿದೆ. ಮೊನ್ನೆ ಹಳೆ ರೆಕಾರ್ಡ್ ಅಂಗಡಿಯಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಸಿನಿಮಾದ ಹಾಡುಗಳ ಜೋಡಿ ಎಲ್‌ಪಿ ಸಿಕ್ಕಿತು. ಅದರ ಕೊನೆಯ ಬದಿಯಲ್ಲಿ ಈ ಹಾಡು ಹತ್ತೂವರೆ ನಿಮಿಷಕ್ಕೂ ಜಾಸ್ತಿ ಇದೆ, ಮುಗಿಯುವ ಹೊತ್ತಿಗೆ ದನಿ ಗರಗರ ಅನ್ನುತ್ತದೆ. ಫೋನಿನಲ್ಲಿ ಹುಡುಕಿದರೆ ಮೂರೂವರೆ ನಿಮಿಷದ್ದೊಂದು, ದನಿಯೇ ಬೇರೆ ಅನ್ನಿಸುವ ಇನ್ನೊಂದು ಬರುತ್ತವೆ. ನ್ಯೂಜೆರ್ಸಿಯಲ್ಲಿರುವ ಮಗಳು ‘ಅಪ್ಪಾ, ಈ ಸಲ ಬಂದಾಗ ಅವರ ಶೋಗೇ ಹೋಗೋಣ’ ಅನ್ನುತ್ತಿದ್ದಾಳೆ. ಆದರೆ ಆ ಹೆಸರಿನಲ್ಲಿ ಎರಡು ತಂಡಗಳಿವೆಯಂತೆ. ಗೆಳೆಯ ಹೇಳುವುದು ಇನ್ನೂ ಬೇರೆ: ‘ಅದು ಒಂದೇ ಹಾಡಿನ ತಂಡ, ವಾದ್ಯ ನುಡಿಸಿದವರೂ ಅವರಲ್ಲ, ಸಿನಿಮಾದಿಂದ ದುಡ್ಡು ಮಾಡಿಕೊಂಡರು, ಡಿಸ್ಕೊ ಸತ್ತಾಗ ಅವರೂ ಮುಗಿದರು.’ ಇದರಲ್ಲಿ ನಿಜ ಎಷ್ಟು? ಯಾವ ರೆಕಾರ್ಡ್ ಇಟ್ಟುಕೊಳ್ಳಲಿ? ಶೋಗೆ ದುಡ್ಡು ಹಾಕಬಹುದೇ?

ಉತ್ತರ: ನೀವು ಕೇಳಿರುವ ನಾಲ್ಕೈದು ಪ್ರಶ್ನೆಗಳ ಬೇರು ಒಂದೇ. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಹಾಡು ಯಾರದು, ಆ ಹೆಸರಿನಲ್ಲಿ ಈಗ ನಿಮ್ಮ ಮುಂದೆ ಬರುತ್ತಿರುವುದು ಅವರದೇ ಹೌದೋ ಅಲ್ಲವೋ ಎಂಬ ಅಳುಕು ಅದು. ಈ ಅಳುಕಿಗೆ ಕಾರಣವೂ ಇದೆ. ಸೋಲ್ (ಚರ್ಚಿನ ಹಾಡಿಕೆಯಿಂದ ಬೆಳೆದ ಕಪ್ಪು ಅಮೆರಿಕನ್ನರ ಸಂಗೀತ) ಮತ್ತು ಡಿಸ್ಕೊ ಕಾಲದ ಗಾಯನ ತಂಡಗಳನ್ನು ನಾವು ರಾಕ್ ಬ್ಯಾಂಡಿನ ಲೆಕ್ಕದಲ್ಲಿ ನೋಡುತ್ತೇವೆ: ನಾಲ್ಕು ಜನ, ಅವರೇ ಬರೆದು, ಅವರೇ ನುಡಿಸಿ, ಅವರೇ ಹಾಡಿದರು ಅಂತ. ಗಾಯನ ತಂಡದ ಬಾಳು ಹಾಗಿರಲಿಲ್ಲ. ಹೆಸರು ಒಬ್ಬರ ಕೈಯಲ್ಲಿ, ಮುಖ್ಯ ದನಿ ಇನ್ನೊಬ್ಬರದು, ವಾದ್ಯ ಸ್ಟುಡಿಯೊ ಕಲಾವಿದರದು, ಹಾಡಿನ ಹಕ್ಕು ಬರೆದವರದು, ಧ್ವನಿಮುದ್ರಣದ ಟೇಪು ಕಂಪನಿಯ ಕಪಾಟಿನಲ್ಲಿ. ಈ ಐದನ್ನು ಬಿಡಿಸಿ ಇಟ್ಟುಕೊಂಡರೆ ನಿಮ್ಮ ಗೊಂದಲಗಳೆಲ್ಲ ಒಂದೊಂದಾಗಿ ಸಡಿಲವಾಗುತ್ತವೆ.

ಮೊದಲು ‘ಒಂದೇ ಹಾಡಿನ ತಂಡ’ ಅನ್ನುವ ಮಾತು. ಇದು ತಪ್ಪು. ಟ್ರ್ಯಾಂಪ್ಸ್ ಫಿಲಡೆಲ್ಫಿಯಾದ ತಂಡ. ಅದರ ಬೇರು 1960ರ ದಶಕದ ವಾಲ್ಕೇನೋಸ್ ಎಂಬ ಸೋಲ್ ತಂಡದಲ್ಲಿದೆ. ಡ್ರಮ್ಸ್ ನುಡಿಸುತ್ತ ಮಂದ್ರದಲ್ಲಿ ಹಾಡುತ್ತಿದ್ದ ಅರ್ಲ್ ಯಂಗ್ ಅಲ್ಲಿಂದಲೇ ಬಂದವರು. ಮುಖ್ಯ ಗಾಯಕ ಜಿಮ್ಮಿ ಎಲಿಸ್. ಜತೆಗೆ ಹೆರಾಲ್ಡ್ ವೇಡ್, ಸ್ಟ್ಯಾನ್ಲಿ ವೇಡ್, ರಾಬರ್ಟ್ ಅಪ್‌ಚರ್ಚ್. 1972ರಲ್ಲಿ ಬುದ್ಧ ಎಂಬ ಲೇಬಲ್ಲಿಗೆ (ರೆಕಾರ್ಡ್ ಕಂಪನಿಗೆ) ಮಾಡಿದ ‘ಝಿಂಗ್! ವೆಂಟ್ ದ ಸ್ಟ್ರಿಂಗ್ಸ್ ಆಫ್ ಮೈ ಹಾರ್ಟ್’ ಅವರಿಗೆ ಮೊದಲ ಹೆಸರು ತಂದಿತು. ಅದು 1930ರ ದಶಕದ ಹಳೆಯ ಗೀತೆ. ಇವರ ಕೈಯಲ್ಲಿ ಅದು ಕುಣಿತದ ಹಾಡಾಯಿತು, ಅರ್ಲ್ ಯಂಗ್ ಅವರ ತಳದ ದನಿ ಅದರಲ್ಲಿ ಮುಂದೆ ಬಂದು ನಿಲ್ಲುತ್ತದೆ.

ಆಮೇಲೆ ಬಂದ ‘ಹೋಲ್ಡ್ ಬ್ಯಾಕ್ ದ ನೈಟ್’ ಹಾಡಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಸರು, ದನಿ, ಟೇಪು ಹೇಗೆ ಬೇರೆ ಬೇರೆ ದಾರಿ ಹಿಡಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ವಾದ್ಯಭಾಗ ಮೊದಲು ಹೊರಬಂದದ್ದು ‘ಸ್ಕ್ರಬ್-ಬೋರ್ಡ್’ ಎಂಬ ಹೆಸರಿನಲ್ಲಿ, ಇನ್ನೊಂದು ಸಿಂಗಲ್ಲಿನ (ಬದಿಗೊಂದೇ ಹಾಡಿರುವ ಚಿಕ್ಕ ರೆಕಾರ್ಡಿನ) ಹಿಂಬದಿಯಲ್ಲಿ, ಬರೀ ವಾದ್ಯವಾಗಿ. ಆ ಟೇಪಿನ ಮೇಲೆಯೇ ಸಾಹಿತ್ಯ ಕೂರಿಸಿ, ದನಿ ಸೇರಿಸಿ ಹೊಸ ಹಾಡು ಮಾಡಿದರು. ಅದು 1975ರ ಕೊನೆಯಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. ಅಷ್ಟು ಹೊತ್ತಿಗೆ ತಂಡ ಬುದ್ಧ ಲೇಬಲ್ ಬಿಟ್ಟು, ಗೋಲ್ಡನ್ ಫ್ಲೀಸ್ ಎಂಬ ಲೇಬಲ್ಲಿಗೆ ‘ಲವ್ ಎಪಿಡೆಮಿಕ್’, ‘ವೇರ್ ಡು ವಿ ಗೋ ಫ್ರಮ್ ಹಿಯರ್’ ಮಾಡಿ, ಅಟ್ಲಾಂಟಿಕ್ ಎಂಬ ಲೇಬಲ್ಲಿನ ಕಡೆ ಕಾಲಿಟ್ಟಿತ್ತು. ತಂಡ ಮುಂದೆ ಹೋದರೂ ಟೇಪು ಹಿಂದೆಯೇ ಉಳಿದಿತ್ತು. ಹಾಗಾಗಿ 1975ರಲ್ಲಿ ಒಂದೇ ತಂಡದ ಎಲ್‌ಪಿಗಳು ಬೇರೆ ಬೇರೆ ಲೇಬಲ್ಲುಗಳಿಂದ ಅಂಗಡಿಗೆ ಬಂದವು. ಹಳೆ ರೆಕಾರ್ಡುಗಳ ನಡುವೆ ಟ್ರ್ಯಾಂಪ್ಸ್ ಹುಡುಕುವಾಗ ವರ್ಷ ನೋಡಿ ಹಾಡಿನ ಅನುಕ್ರಮ ಊಹಿಸಿದರೆ ದಾರಿ ತಪ್ಪುವುದು ಇದೇ ಕಾರಣಕ್ಕೆ.

1976ರಲ್ಲಿ ಅಟ್ಲಾಂಟಿಕ್‌ನಿಂದ ಬಂದ ‘ದಟ್ಸ್ ವೇರ್ ದ ಹ್ಯಾಪಿ ಪೀಪಲ್ ಗೋ’ ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಮೊದಲ ಮೂವತ್ತರೊಳಗೆ ಬಂತು, ನೃತ್ಯದ ಪಟ್ಟಿಯಲ್ಲಿ ಒಂದನೇ ಸ್ಥಾನ ಪಡೆಯಿತು. ‘ಡಿಸ್ಕೊ ಇನ್ಫರ್ನೊ’ ಎಲ್‌ಪಿ ಬಂದದ್ದು ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ. ಅಂದರೆ ನಿಮ್ಮ ಪ್ರೀತಿಯ ಹಾಡು ಹುಟ್ಟುವ ಮೊದಲೇ ಇವರು ನಾಲ್ಕು ವರ್ಷದಿಂದ ಪಟ್ಟಿಗಳಲ್ಲಿ ಬಂದು ಹೋಗುತ್ತಿದ್ದರು. ಅದಾದ ಮೇಲೂ 1980ರವರೆಗೆ ಎಲ್‌ಪಿಗಳು ಬರುತ್ತಲೇ ಇದ್ದವು.

‘ವಾದ್ಯ ನುಡಿಸಿದವರು ಅವರಲ್ಲ’ ಎಂಬುದು ಅರ್ಧ ನಿಜ. ಉಳಿದರ್ಧ ನಿಮ್ಮ ಗೆಳೆಯರಿಗೆ ಗೊತ್ತಾದರೆ ಅವರು ಈ ತಂಡವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಫಿಲಡೆಲ್ಫಿಯಾದಲ್ಲಿ ಧ್ವನಿಮುದ್ರಣ ತಂತ್ರಜ್ಞ ಜೋ ಟಾರ್ಸಿಯಾ 1968ರಲ್ಲಿ ತೆರೆದ ಸಿಗ್ಮಾ ಸೌಂಡ್ ಸ್ಟುಡಿಯೊ ಇತ್ತು. ಅಲ್ಲಿ ಬಂದವರು ಯಾರೇ ಹಾಡಲಿ, ಹಿಂದೆ ನುಡಿಸುತ್ತಿದ್ದವರ ಬಳಗ ಹೆಚ್ಚುಕಡಿಮೆ ಒಂದೇ. ಆ ಬಳಗದ ಬೆನ್ನೆಲುಬು ಮೂವರು: ಗಿಟಾರಿಗೆ ನಾರ್ಮನ್ ಹ್ಯಾರಿಸ್, ಬೇಸ್‌ಗೆ ರಾನ್ ಬೇಕರ್, ಡ್ರಮ್ಸ್‌ಗೆ ಅರ್ಲ್ ಯಂಗ್. ಹೌದು, ಟ್ರ್ಯಾಂಪ್ಸ್‌ನ ಅದೇ ಅರ್ಲ್ ಯಂಗ್. ಬೇರೆ ತಂಡಗಳಲ್ಲಿ ಗಾಯಕರು ಸ್ಟುಡಿಯೊಗೆ ಬಂದು ಸಿದ್ಧವಾಗಿದ್ದ ವಾದ್ಯದ ಮೇಲೆ ಹಾಡಿ ಹೋಗುತ್ತಿದ್ದರು. ಇಲ್ಲಿ ಊರಿಗೆಲ್ಲ ತಾಳ ಹಾಕುತ್ತಿದ್ದ ಮನುಷ್ಯನೇ ತಂಡ ಕಟ್ಟಿದ್ದ.

ಅವರ ತಾಳವನ್ನು ಕೈಯಲ್ಲೇ ಹಾಕಿ ನೋಡಿ. ಒಂದು, ಎರಡು, ಮೂರು, ನಾಲ್ಕು ಎಂದು ಸಮನಾಗಿ ಎಣಿಸಿ. ನಾಲ್ಕೂ ಎಣಿಕೆಗೆ ಬಲಗಾಲು ನೆಲಕ್ಕೆ ಬೀಳಲಿ, ಅದು ದೊಡ್ಡ ಡ್ರಮ್ಮಿನ ಏಟು. ಎರಡು ಮತ್ತು ನಾಲ್ಕಕ್ಕೆ ಎಡಗೈಯಿಂದ ತೊಡೆ ತಟ್ಟಿ, ಅದು ಸ್ನೇರ್ ಎಂಬ ಚಿಕ್ಕ ಡ್ರಮ್ಮು. ಇನ್ನು ಪ್ರತಿ ಎರಡು ಎಣಿಕೆಗಳ ನಡುವಿನ ಅರ್ಧ ಅಕ್ಷರದಲ್ಲಿ ನಾಲಿಗೆಯಿಂದ ‘ತ್ಸಿ’ ಅನ್ನಿ. ಹೈ-ಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಗಳು ಆ ಅರೆಕ್ಷಣ ಬಾಯಿ ತೆರೆದು ಮುಂದಿನ ಏಟಿಗೆ ಸರಿಯಾಗಿ ಮುಚ್ಚಿಕೊಳ್ಳುವ ಸದ್ದು ಅದು. ಧಂ-ತ್ಸಿ, ಧಂ-ತ್ಸಿ. ಕಾಲು ನೆಲಕ್ಕೆ ಬೀಳುವುದು ಧಂಗೆ, ಮತ್ತೆ ಮೇಲೇಳುವುದು ತ್ಸಿಗೆ. ಕುಣಿಯಲು ಬಾರದವರಿಗೂ ಯಾವಾಗ ಹೆಜ್ಜೆ ಎತ್ತಬೇಕು ಎಂದು ಹೇಳಿಕೊಡುವ ತಾಳ ಇದು. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ಅಂಡ್ ದ ಬ್ಲೂ ನೋಟ್ಸ್ ತಂಡದ ‘ದ ಲವ್ ಐ ಲಾಸ್ಟ್’ ಹಾಡಿಗೆ ಅರ್ಲ್ ಯಂಗ್ ಹೀಗೆ ನುಡಿಸಿದರು. ಡಿಸ್ಕೊ ತಾಳದ ಹುಟ್ಟನ್ನು ಹೇಳುವಾಗ ಬಲ್ಲವರು ಮೊದಲು ತೋರಿಸುವುದು ಆ ಹಾಡನ್ನೇ. ಈ ‘ತ್ಸಿ’ಯನ್ನು ನೆನಪಿಟ್ಟುಕೊಳ್ಳಿ, ನಿಮ್ಮ ರೆಕಾರ್ಡಿನ ಗರಗರಕ್ಕೂ ಇದಕ್ಕೂ ಸಂಬಂಧ ಇದೆ.

ಇನ್ನು ಮೂರೂವರೆ ನಿಮಿಷ ಮತ್ತು ಹತ್ತೂವರೆ ನಿಮಿಷದ ವಿಷಯ. ಎರಡೂ ಅಸಲಿ. ಹಾಡು ಬರೆದವರು ಲೆರಾಯ್ ಗ್ರೀನ್ ಮತ್ತು ರಾನ್ ಕರ್ಸಿ. ಉದ್ದದ್ದು ಎಲ್‌ಪಿಗೆ, ಸುಮಾರು 10 ನಿಮಿಷ 54 ಸೆಕೆಂಡು. ಚಿಕ್ಕದ್ದು ರೇಡಿಯೊಗಾಗಿ ಕತ್ತರಿಸಿದ ಸಿಂಗಲ್, 3 ನಿಮಿಷ 35 ಸೆಕೆಂಡಿನ ಆಸುಪಾಸು. ಕ್ಲಬ್ಬಿನಲ್ಲಿ ಜನಕ್ಕೆ ಬೇಕಾದದ್ದು ಮೈ ಬಿಸಿಯೇರುವ ತನಕ ನಿಲ್ಲದ ಹಾಡು. ರೇಡಿಯೊಗೆ ಬೇಕಾದದ್ದು ಎರಡು ಜಾಹೀರಾತಿನ ನಡುವೆ ಕೂರುವ ಹಾಡು. ಹೀಗಾಗಿ 1977ರ ಆರಂಭದಲ್ಲಿ ನೃತ್ಯದ ಪಟ್ಟಿಯಲ್ಲಿ ಇದು ಒಂದನೇ ಸ್ಥಾನದಲ್ಲಿದ್ದರೂ ರೇಡಿಯೊ ಮತ್ತು ಸಿಂಗಲ್ ಮಾರಾಟದ ಮೇಲೆ ನಿಂತ ಮುಖ್ಯ ಪಟ್ಟಿಯಲ್ಲಿ 53ಕ್ಕೆ ನಿಂತುಬಿಟ್ಟಿತು. 1977ರ ನವೆಂಬರ್‌ನಲ್ಲಿ ‘ಸ್ಯಾಟರ್ಡೇ ನೈಟ್ ಫೀವರ್’ ಹಾಡುಗಳ ಜೋಡಿ ಎಲ್‌ಪಿ ಬಂತು, ಮುಂದಿನ ತಿಂಗಳು ಸಿನಿಮಾ. ಆ ಎಲ್‌ಪಿ 1978ರಲ್ಲಿ ಸತತ 24 ವಾರ ಅಮೆರಿಕದ ಎಲ್‌ಪಿಗಳ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿತ್ತು. ಆ ಅಲೆಯಲ್ಲಿ ಅಟ್ಲಾಂಟಿಕ್ ಹಳೆಯ ಸಿಂಗಲ್ಲನ್ನೇ ಮತ್ತೆ ಬಿಟ್ಟಿತು, ಈ ಸಲ ಅದು 11ಕ್ಕೆ ಏರಿತು. ಸಿನಿಮಾಕ್ಕಾಗಿ ಮಾಡಿದ ಹಾಡು ಅನ್ನುವ ನಂಬಿಕೆ ಹುಟ್ಟಿದ್ದು ಇಲ್ಲಿಂದ. ಹಾಡು ಆಗಲೇ ಒಂದು ವರ್ಷ ಹಳೆಯದಾಗಿತ್ತು.

ಈ ಹಾಡು ಸ್ಪೀಕರಿನಿಂದ ಹಾರಿ ಎದುರು ಬಂದಂತೆ ಕೇಳುವುದಕ್ಕೆ ಒಂದು ಕಾರಣವನ್ನು ಮಿಕ್ಸ್ ಮಾಡಿದ (ದನಿ, ವಾದ್ಯಗಳನ್ನು ಹದವಾಗಿ ಬೆರೆಸಿದ) ಟಾಮ್ ಮೌಲ್ಟನ್ ಹೇಳಿದ್ದಾರೆ. ಟೇಪಿನ ಹಿಸ್ಸೆನ್ನುವ ಸದ್ದು ಅಡಗಿಸುವ ಡಾಲ್ಬಿ ಉಪಕರಣ ಮಿಕ್ಸಿಂಗ್ ವೇಳೆ ತಪ್ಪಾಗಿ ಹೊಂದಿಸಿಕೊಂಡಿತ್ತಂತೆ. ತಪ್ಪು ಗೊತ್ತಾಗಿ ಸರಿಪಡಿಸಿದಾಗ ಮೆಲುದನಿಗೂ ಜೋರುದನಿಗೂ ನಡುವಿನ ಅಂತರ ಆ ಕಾಲದ ವಾಡಿಕೆಗಿಂತ ಬಹಳ ದೊಡ್ಡದಾಗಿಬಿಟ್ಟಿತು.

‘ಸಿನಿಮಾದಿಂದ ದುಡ್ಡು ಮಾಡಿಕೊಂಡರು’ ಎಂಬ ಮಾತನ್ನು ಎಚ್ಚರಿಕೆಯಿಂದ ತೆಗೆದುಕೊಳ್ಳಿ. ಅವರ ಖಾಸಗಿ ಒಪ್ಪಂದದಲ್ಲಿ ಏನಿತ್ತು ಎಂದು ಹೊರಗಿನವರು ಹೇಳಲಾರರು, ಆದರೆ ಹಣ ಹರಿಯುವ ಕಾಲುವೆಗಳು ಎಲ್ಲರಿಗೂ ಕಾಣುವಂಥವು. ಹಾಡು ಮಾರಾಟವಾದಾಗ ಬರೆದವರಿಗೆ ಮತ್ತು ಪ್ರಕಾಶಕರಿಗೆ ಒಂದು ಪಾಲು. ಗಾಯಕರ ಪಾಲು ಲೇಬಲ್ಲಿನ ಮೂಲಕ ಬರಬೇಕು, ಅದೂ ಸ್ಟುಡಿಯೊ ಖರ್ಚು, ಮುಂಗಡ ಎಲ್ಲ ಕಳೆದ ಮೇಲೆ. ಇನ್ನು ಅಮೆರಿಕದ ಸಾಮಾನ್ಯ ರೇಡಿಯೊದಲ್ಲಿ ಹಾಡು ಬಂದರೆ ಬರೆದವರಿಗೆ ಹಣ ಸಿಗುತ್ತದೆ, ಹಾಡಿದವರಿಗೆ ಇವತ್ತಿಗೂ ಕಾಸಿಲ್ಲ. ಡಿಜಿಟಲ್ ರೇಡಿಯೊದಲ್ಲಿ ಮಾತ್ರ 1990ರ ದಶಕದ ಕಾನೂನಿನ ನಂತರ ಲೆಕ್ಕ ಬದಲಾಯಿತು: ನೂರರಲ್ಲಿ 50 ಟೇಪಿನ ಒಡೆಯರಿಗೆ, 45 ಮುಖ್ಯ ಕಲಾವಿದರಿಗೆ, 5 ಹಿಂದೆ ನುಡಿಸಿದ, ದನಿಗೂಡಿಸಿದ ಕಲಾವಿದರಿಗೆ. 1979ರಲ್ಲಿ ಆ ಸಿನಿಮಾ ಎಲ್‌ಪಿಗೆ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಬಂತು, ಟ್ರ್ಯಾಂಪ್ಸ್ ಕೂಡ ಅದರ ಪಾಲುದಾರರು. ಆದರೆ ಗೌರವದ ಪಾಲು ಬೇರೆ, ರಾಯಲ್ಟಿಯ ಪಾಲು ಬೇರೆ. ಇಂಥ ತಂಡಗಳ ಗಾಯಕರು ವಯಸ್ಸಾದ ಮೇಲೂ ಊರೂರು ತಿರುಗಿ ಹಾಡುವುದು ಬರೀ ಹಾಡಿನ ಹುಚ್ಚಿನಿಂದಲ್ಲ. ವೇದಿಕೆಯ ಸಂಭಾವನೆ ನೇರವಾಗಿ ಕೈಗೆ ಬರುತ್ತದೆ, ನಡುವೆ ಲೇಬಲ್ ಇರುವುದಿಲ್ಲ. ಆ ವೇದಿಕೆ ಸಿಗಬೇಕಾದರೆ ಹೆಸರು ಬೇಕು. ಹೆಸರಿಗಾಗಿ ಇಷ್ಟೊಂದು ಜಗ್ಗಾಟ ನಡೆಯುವುದು ಅದಕ್ಕೇ.

ಡಿಸ್ಕೊ ಸತ್ತದ್ದರ ಬಗ್ಗೆ ಎರಡೇ ಮಾತು. 1979ರ ಜುಲೈ 12ರಂದು ಶಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು, ಜನ ಮೈದಾನಕ್ಕೆ ನುಗ್ಗಿ ಆ ದಿನದ ಎರಡನೇ ಪಂದ್ಯವೇ ನಡೆಯಲಿಲ್ಲ. ಅದು ಸುದ್ದಿಗೆ ಒದಗಿದ ಚಿತ್ರ ಅಷ್ಟೆ. ನಿಜವಾದ ಪೆಟ್ಟು ಬಿದ್ದದ್ದು ರೇಡಿಯೊ ಕೇಂದ್ರಗಳು ಡಿಸ್ಕೊ ಹೆಸರನ್ನೇ ಕೈಬಿಟ್ಟಾಗ. ಟ್ರ್ಯಾಂಪ್ಸ್‌ಗೆ ಅದು ಉಳಿದವರಿಗಿಂತ ಜೋರಾಗಿ ತಗುಲಿತು. ಅವರ ದೊಡ್ಡ ಹಾಡಿನ ಹೆಸರಿನಲ್ಲೇ ಡಿಸ್ಕೊ ಇತ್ತು, ಅದಕ್ಕೆ ಮೊದಲು ‘ಡಿಸ್ಕೊ ಪಾರ್ಟಿ’ ಎಂಬುದನ್ನೂ ಹಾಡಿದ್ದರು. ಮೂಲದಲ್ಲಿ ಅವರು ಚರ್ಚಿನ ಹಾಡಿಕೆಯ ಕಸುವುಳ್ಳ ಸೋಲ್ ಗಾಯಕರು ಎಂಬುದು ಆ ಹಣೆಪಟ್ಟಿಯ ಕೆಳಗೆ ಮುಚ್ಚಿಹೋಯಿತು. ನನಗೆ ಈ ತಂಡದ ವಿಷಯದಲ್ಲಿ ಅತ್ಯಂತ ನೋವಾಗುವುದು ಇಲ್ಲೇ. ಜಿಮ್ಮಿ ಎಲಿಸ್ ಕೂಗು ಎತ್ತಿದಾಗ ಅದು ಕೊರಳಿನಿಂದ ಬರುತ್ತಿರಲಿಲ್ಲ, ಹೊಟ್ಟೆಯ ಆಳದಿಂದ ಬರುತ್ತಿತ್ತು.

ಈಗ ಎರಡು ತಂಡದ ಮಾತು. ಎರಡಿದ್ದ ಮಾತ್ರಕ್ಕೆ ಒಂದು ಖೋಟಾ ಎಂದುಕೊಳ್ಳಬೇಡಿ. ಇತ್ತೀಚಿನ ವರ್ಷಗಳಲ್ಲಿ ಅರ್ಲ್ ಯಂಗ್ ಅವರ ಹೆಸರನ್ನು ಮುಂದಿಟ್ಟುಕೊಂಡ ಒಂದು ತಂಡವೂ ಹಳೆಯ ಇತರ ಸದಸ್ಯರ ಕೊಂಡಿಯಿರುವ ಇನ್ನೊಂದು ತಂಡವೂ ಪ್ರದರ್ಶನ ಕೊಟ್ಟಿವೆ. ಗಾಯನ ತಂಡಗಳಲ್ಲಿ ಇದು ಹೊಸದೇನಲ್ಲ. ಡ್ರಿಫ್ಟರ್ಸ್ ತಂಡದ ಹೆಸರು ಮ್ಯಾನೇಜರ್ ಜಾರ್ಜ್ ಟ್ರೆಡ್‌ವೆಲ್ ಅವರ ಕೈಯಲ್ಲಿತ್ತು. 1958ರಲ್ಲಿ ಅವರು ಇದ್ದ ಗಾಯಕರನ್ನೆಲ್ಲ ಬಿಡಿಸಿ, ಫೈವ್ ಕ್ರೌನ್ಸ್ ಎಂಬ ಬೇರೆಯೇ ತಂಡದವರನ್ನು ಕರೆತಂದು ಅದೇ ಹೆಸರಿನಲ್ಲಿ ನಿಲ್ಲಿಸಿದರು. ಆ ಹೊಸಬರಲ್ಲಿ ಬೆನ್ ಇ. ಕಿಂಗ್ ಇದ್ದರು, ನಾವು ಡ್ರಿಫ್ಟರ್ಸ್ ಎಂದು ನೆನೆಯುವ ಎಷ್ಟೋ ಹಾಡುಗಳು ಹೊಸಬರದೇ. ಮೇಲೆ ಹೇಳಿದ ಬ್ಲೂ ನೋಟ್ಸ್‌ನಲ್ಲಿ ಇನ್ನೊಂದು ಬಗೆ: ಹೆಸರು ಹೆರಾಲ್ಡ್ ಮೆಲ್ವಿನ್ ಅವರದು, ಜನ ಮರುಳಾದ ದನಿ ಟೆಡ್ಡಿ ಪೆಂಡರ್‌ಗ್ರಾಸ್ ಅವರದು. ಟೆಡ್ಡಿ ಹೊರಟುಹೋದಾಗ ಹೆಸರು ಮೆಲ್ವಿನ್ ಬಳಿಯೇ ಉಳಿಯಿತು. ಟಿಕೆಟ್ಟಿನ ಮೇಲಿನ ಹೆಸರು ಕಾನೂನಿನ ಪ್ರಕಾರ ಸರಿಯಿದ್ದೂ ಕಿವಿಗೆ ಬೇಕಾದ ದನಿ ಅಲ್ಲಿ ಇಲ್ಲದಿರಬಹುದು. ನೀವು ಗಟ್ಟಿಮಾಡಿಕೊಳ್ಳಬೇಕಾದ ಅಂಶ ಇದು.

ಒಂದು ಮಾತು ಮನಸ್ಸಿಗೆ ಕಷ್ಟವಾದರೂ ಹೇಳಲೇಬೇಕು. ‘ಡಿಸ್ಕೊ ಇನ್ಫರ್ನೊ’ದ ಆ ದನಿ, ಜಿಮ್ಮಿ ಎಲಿಸ್, 2012ರ ಮಾರ್ಚ್‌ನಲ್ಲಿ ಸೌತ್ ಕೆರೊಲಿನಾದ ರಾಕ್ ಹಿಲ್‌ನಲ್ಲಿ ತೀರಿಕೊಂಡರು, 74 ವರ್ಷವಾಗಿತ್ತು. ಗಿಟಾರಿನ ನಾರ್ಮನ್ ಹ್ಯಾರಿಸ್ 1987ರಲ್ಲಿ, ಬೇಸ್‌ನ ರಾನ್ ಬೇಕರ್ 1990ರಲ್ಲಿ ಹೋದರು. ಹಾಗಾಗಿ ಯಾವ ಟಿಕೆಟ್ ಕೊಂಡರೂ ನೀವು ಕ್ಯಾಸೆಟ್ಟಿನಲ್ಲಿ ಕೇಳಿದ ದನಿ ವೇದಿಕೆಯ ಮೇಲೆ ಬರುವುದಿಲ್ಲ.

ಹೋಗಲೇಬಾರದು ಅಂತಲ್ಲ. ಜಾಹೀರಾತನ್ನು ಪೂರ್ತಿ ಓದಿ. 2000ರ ದಶಕದ ಮಧ್ಯದಿಂದ ಅಮೆರಿಕದ ಮೂವತ್ತಕ್ಕೂ ಹೆಚ್ಚು ರಾಜ್ಯಗಳು, ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ಸೇರಿ, ‘ಟ್ರೂತ್ ಇನ್ ಮ್ಯೂಸಿಕ್’ ಎಂದು ಕರೆಯುವ ಕಾನೂನು ಮಾಡಿವೆ. ಸುಪ್ರೀಮ್ಸ್ ತಂಡದ ಮೇರಿ ವಿಲ್ಸನ್ ಮತ್ತು ಶಾ ನಾ ನಾ ತಂಡದ ಜಾನ್ ಬೌಮನ್ ಇದಕ್ಕಾಗಿ ರಾಜ್ಯದಿಂದ ರಾಜ್ಯಕ್ಕೆ ಅಲೆದವರು. ಸಾರಾಂಶ ಇಷ್ಟು: ಹಳೆಯ ತಂಡದ ಹೆಸರಿನಲ್ಲಿ ಶೋ ಮಾಡುವವರು ಆ ಹೆಸರಿನ ನೋಂದಾಯಿತ ಒಡೆಯರಾಗಿರಬೇಕು, ಇಲ್ಲವೇ ಮೂಲ ಧ್ವನಿಮುದ್ರಣದಲ್ಲಿದ್ದ ಒಬ್ಬರಾದರೂ ಹೆಸರಿನ ಹಕ್ಕು ಉಳಿಸಿಕೊಂಡು ವೇದಿಕೆಯ ಮೇಲಿರಬೇಕು, ಇಲ್ಲವೇ ಒಪ್ಪಿಗೆ ಪಡೆದಿರಬೇಕು. ಇದಾವುದೂ ಇಲ್ಲದಿದ್ದರೆ ‘ಟ್ರಿಬ್ಯೂಟ್’ ಅಥವಾ ‘ಸಲ್ಯೂಟ್’ ಎಂದು ಸ್ಪಷ್ಟವಾಗಿ ಹಾಕಬೇಕು. ಮೊದಲನೆಯ ದಾರಿಯನ್ನು ಗಮನಿಸಿ. ಹೆಸರು ನೋಂದಾಯಿಸಿದ್ದರೆ ಹಳಬರು ಯಾರೂ ಇಲ್ಲದೆಯೂ ಶೋ ಕಾನೂನುಬದ್ಧ.

ಆದ್ದರಿಂದ ಮಗಳಿಗೆ ಮೂರು ಕೆಲಸ ಹೇಳಿ. ಪೋಸ್ಟರಿನಲ್ಲಿ ‘ಫೀಚರಿಂಗ್’ ಎಂಬ ಪದದ ಮುಂದೆ ಯಾರ ಹೆಸರಿದೆ ನೋಡಲಿ. ಆ ವ್ಯಕ್ತಿ ಇದೇ ದಿನಾಂಕಕ್ಕೆ ಹಾಡುತ್ತಾರೋ ಇಲ್ಲವೋ ಎಂದು ಸಭಾಂಗಣದವರಿಗೆ ಫೋನ್ ಮಾಡಿ ಕೇಳಲಿ. 1940ರಲ್ಲಿ ಹುಟ್ಟಿದವರು ಅರ್ಲ್ ಯಂಗ್, ಆ ತಲೆಮಾರಿನ ಕಲಾವಿದರು ಕೊನೇ ಗಳಿಗೆಯಲ್ಲಿ ಬರಲಾಗದೆ ಹೋಗುವುದು ಸಹಜ, ಟಿಕೆಟ್ಟಿನ ಹಣ ಮಾತ್ರ ವಾಪಸಾಗುವುದಿಲ್ಲ. ಮೂರನೆಯದು, ಆ ವರ್ಷದ್ದೇ ಆದ ಪ್ರದರ್ಶನದ ವಿಡಿಯೊ ಹುಡುಕಿ ಎರಡು ಹಾಡು ನೋಡಲಿ. ಹಿಂದೆ ನಿಜವಾದ ಡ್ರಮ್ಸ್, ತುತ್ತೂರಿ ಇವೆಯೋ ಅಥವಾ ರೆಕಾರ್ಡ್ ಮಾಡಿದ ಹಿನ್ನೆಲೆಯ ಮೇಲೆ ಹಾಡುತ್ತಿದ್ದಾರೋ ಅಲ್ಲೇ ಗೊತ್ತಾಗುತ್ತದೆ. ಜೀವಂತ ವಾದ್ಯವಿದ್ದರೆ ನಾನು ಹೋಗಿ ಅನ್ನುತ್ತೇನೆ, ಹಾಡುವವರು ಹೊಸಬರಾದರೂ ಸರಿ. ಹಿನ್ನೆಲೆ ಟ್ರ್ಯಾಕ್ ಆದರೆ ಆ ದುಡ್ಡಿಗೆ ಒಳ್ಳೆಯ ರೆಕಾರ್ಡ್ ಬರುತ್ತದೆ. ಹೆಸರಿನ ಒಡೆಯರು ಯಾರು ಎಂಬ ಕುತೂಹಲವಿದ್ದರೆ ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಯ ತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಹುಡುಕುವಾಗ ತಂಡದ ಹೆಸರಿನಲ್ಲಿ ‘ಎಂ’ ಅಕ್ಷರ ಎರಡು ಸಲ ಇದೆ ಎಂಬುದು ನೆನಪಿರಲಿ, ಒಂದೇ ಹಾಕಿದರೆ ಬೇರೆ ಯಾರೋ ಬರುತ್ತಾರೆ.

ಫೋನಿನಲ್ಲಿ ‘ದನಿಯೇ ಬೇರೆ’ ಅನ್ನಿಸಿದ್ದು ನಿಮ್ಮ ಭ್ರಮೆ ಇರಲಾರದು. ಲೇಬಲ್ಲಿನ ಒಪ್ಪಂದದಲ್ಲಿ ಸಾಮಾನ್ಯವಾಗಿ ಇಂತಿಷ್ಟು ವರ್ಷ ಅದೇ ಹಾಡನ್ನು ಬೇರೆಯವರಿಗೆ ಹಾಡುವಂತಿಲ್ಲ ಎಂಬ ಷರತ್ತು ಇರುತ್ತದೆ. ಅವಧಿ ಮುಗಿದ ಮೇಲೆ ಸಣ್ಣ ಕಂಪನಿಗಳು ಒಬ್ಬಿಬ್ಬರು ಹಳೆಯ ಗಾಯಕರನ್ನು ಕರೆಸಿ ಹಾಡನ್ನು ಹೊಸದಾಗಿ ಮುದ್ರಿಸಿ, ಅಗ್ಗದ ಸಂಕಲನಗಳಲ್ಲಿ ಹಾಕುತ್ತವೆ. ಟೇಪಿಗೆ ಬಾಡಿಗೆ ಕೊಡುವುದಕ್ಕಿಂತ ಅದು ಸೋವಿ. ಇದರಲ್ಲಿ ಗಾಯಕರ ತಪ್ಪೇನಿಲ್ಲ, ಅವರಿಗೆ ಅದು ತಮ್ಮದೇ ಆದ ಟೇಪು ಮಾಡಿಕೊಳ್ಳುವ ದಾರಿ. ಆದರೆ ಕೊಳ್ಳುವವರಿಗೆ ಗೊತ್ತಿರಬೇಕು. ಹೀಗೆ ಪತ್ತೆಹಚ್ಚಿ: ಹಾಡಿನ ವಿವರದಲ್ಲಿ ವೃತ್ತದೊಳಗಿನ ‘ಪಿ’ ಅಕ್ಷರದ ಮುಂದೆ 1976 ಅಥವಾ 1977 ಎಂದೂ ಅಟ್ಲಾಂಟಿಕ್, ವಾರ್ನರ್ ಅಥವಾ ರೈನೊ ಎಂದೂ ಇದ್ದರೆ ಮೂಲ ಟೇಪು. ಕೇಳಿರದ ಕಂಪನಿ, 1990ರ ನಂತರದ ವರ್ಷ, ಐದಾರು ನಿಮಿಷದ ಉದ್ದ ಇದ್ದರೆ ಅನುಮಾನಿಸಿ. ಸಿಡಿಯಾದರೆ ಹಿಂಬದಿಯ ಚಿಕ್ಕ ಅಕ್ಷರ ಓದಿ, ‘ಮೂಲ ಕಲಾವಿದರಲ್ಲಿ ಒಬ್ಬರೋ ಹಲವರೋ ಸೇರಿ ಮಾಡಿದ ಹೊಸ ಧ್ವನಿಮುದ್ರಣ’ ಎಂಬರ್ಥದ ಸಾಲು ಅಲ್ಲಿರುತ್ತದೆ. ಕಿವಿಯ ಪರೀಕ್ಷೆಯೂ ಒಂದಿದೆ. ಸಮನಾಗಿ ತಾಳ ಹಾಕುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಹಾಡಿನ ಜತೆ ಓಡಿಸಿ. ಮನುಷ್ಯರು ಕೂತು ನುಡಿಸಿದ ಮೂಲ ಹಾಡು ಒಂದೆರಡು ನಿಮಿಷದಲ್ಲಿ ಯಂತ್ರದಿಂದ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಯಂತ್ರದ ತಾಳಕ್ಕೆ ಮಾಡಿದ ಮರುಮುದ್ರಣ ಕೊನೆಯ ತನಕ ಅಂಟಿಕೊಂಡೇ ಇರುತ್ತದೆ. ಇದೊಂದನ್ನೇ ನಂಬಿ ತೀರ್ಮಾನಿಸಬೇಡಿ, ಮೇಲಿನ ಗುರುತುಗಳ ಜತೆ ಸೇರಿಸಿ ನೋಡಿ.

ಕೊನೆಯದಾಗಿ ನಿಮ್ಮ ಎಲ್‌ಪಿ ಮತ್ತು ಅದರ ಗರಗರ. ಆರ್‌ಎಸ್‌ಒ ಲೇಬಲ್ಲಿನ ಆ ಜೋಡಿ ತಟ್ಟೆಯಲ್ಲಿ ‘ಡಿಸ್ಕೊ ಇನ್ಫರ್ನೊ’ ನಾಲ್ಕನೇ ಬದಿಯ ಕೊನೆಯ ಹಾಡು. ತೊಂದರೆಯ ಮೂಲ ಆ ಜಾಗವೇ. ತಟ್ಟೆ ನಿಮಿಷಕ್ಕೆ 33⅓ ಸುತ್ತು ಒಂದೇ ವೇಗದಲ್ಲಿ ತಿರುಗುತ್ತದೆ, ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸರಿದರೆ, ಲೇಬಲ್ಲಿನ ಹತ್ತಿರ ಬರುವಾಗ ಸರಿಯುವುದು ಸುಮಾರು 21 ಮಾತ್ರ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಒತ್ತಿ ಬರೆದಂತೆ. ಮೊದಲು ಹಾಳಾಗುವುದು ಎತ್ತರದ ಸ್ಥಾಯಿಯ ಸದ್ದುಗಳು: ‘ಸ’ಕಾರ, ತುತ್ತೂರಿಯ ಅಂಚು, ಮತ್ತು ಅರ್ಲ್ ಯಂಗ್ ಅವರ ಆ ‘ತ್ಸಿ’. ಹಾಡು ಹದವೇರುವ ಕೊನೆಯ ಮೂರು ನಿಮಿಷ ತಟ್ಟೆಯ ಅತಿ ಇಕ್ಕಟ್ಟಾದ ಜಾಗದಲ್ಲಿದೆ.

ದೋಷ ತಟ್ಟೆಯದೋ ಯಂತ್ರದ್ದೋ ಎಂದು ಹೀಗೆ ತಿಳಿಯಿರಿ. ಅದೇ ಸೆಟ್ಟಿನ ಒಂದನೇ ಬದಿಯ ಕೊನೆಯ ಹಾಡು, ಇವಾನ್ ಎಲಿಮನ್ ಹಾಡಿದ ‘ಇಫ್ ಐ ಕಾಂಟ್ ಹ್ಯಾವ್ ಯು’ ಹಾಕಿ. ಅದೂ ಗರಗರ ಅಂದರೆ ಸೂಜಿ ಸವೆದಿದೆ ಅಥವಾ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ಓರೆಯಾಗಿ ಕೂತಿದೆ. ಅದು ಶುಭ್ರವಾಗಿದ್ದು ನಾಲ್ಕನೇ ಬದಿ ಮಾತ್ರ ಗರಗರ ಅಂದರೆ ಹಿಂದಿನ ಒಡೆಯರ ಭಾರದ ಸೂಜಿ ಗೆರೆಯನ್ನೇ ಕೆರೆದುಹಾಕಿದೆ, ಅದಕ್ಕೆ ಮದ್ದಿಲ್ಲ. ಯಂತ್ರದ್ದಾದರೆ ಸರಿಪಡಿಸಬಹುದು. ಸೂಜಿ ಐನೂರು ಗಂಟೆ ದಾಟಿದ್ದರೆ ಬದಲಿಸಿ, ದುಂಡು ಮೊನೆಯದರ ಬದಲು ಅಂಡಾಕಾರದ ಮೊನೆಯದು ತೆಗೆದುಕೊಳ್ಳಿ. ಇಕ್ಕಟ್ಟಿನ ತಿರುವುಗಳಿಗೆ ಅದು ಚೆನ್ನಾಗಿ ಇಳಿಯುತ್ತದೆ. ಪ್ರೊಟ್ರ್ಯಾಕ್ಟರ್ (ಕಾರ್ಟ್ರಿಜ್ ಹೊಂದಿಸುವ ಅಳತೆಪಟ್ಟಿ) ಇಟ್ಟು, ತಟ್ಟೆಯ ನಡುಬಿಂದುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದ ಬಿಂದುಗಳಲ್ಲಿ ಕಾರ್ಟ್ರಿಜ್ ನೇರವಾಗಿದೆಯೇ ನೋಡಿ. ಸೂಜಿಯ ಭಾರ ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಇರಲಿ. ರೆಕಾರ್ಡ್ ಉಳಿಯಲಿ ಎಂದು ಭಾರ ತೀರ ಕಡಿಮೆ ಮಾಡುವವರಿದ್ದಾರೆ, ಆಗ ಸೂಜಿ ಗೆರೆಯೊಳಗೆ ಕುಪ್ಪಳಿಸಿ ಹೆಚ್ಚೇ ಹಾನಿ ಮಾಡುತ್ತದೆ.

ಕೊಳ್ಳುವುದಾದರೆ ನನ್ನ ಮೊದಲ ಆಯ್ಕೆ 1976ರ ಅಟ್ಲಾಂಟಿಕ್ ಎಲ್‌ಪಿ. ಆರೇ ಹಾಡು, ‘ಡಿಸ್ಕೊ ಇನ್ಫರ್ನೊ’ ಎರಡನೇ ಬದಿಯ ಮೊದಲಲ್ಲಿದೆ, ಅಂದರೆ ಅಗಲವಾದ ಹೊರ ಅಂಚಿನಲ್ಲಿ. ಅದೇ ಹಾಡು, ಅದೇ ಮಿಕ್ಸ್, ಆದರೆ ಹೈ-ಹ್ಯಾಟ್ ಗಾಜಿನಂತೆ ಕೇಳುತ್ತದೆ. ಆ ಕಾಲದ ಅಮೆರಿಕನ್ ಮುದ್ರಣದ ಲೇಬಲ್ ಕೆಂಪು-ಹಸಿರು, ನಡುವೆ ಬಿಳಿ ಪಟ್ಟಿ, ಅಂಚಿನಲ್ಲಿ 75 ರಾಕ್‌ಫೆಲ್ಲರ್ ಪ್ಲಾಜಾ ವಿಳಾಸ. ಹನ್ನೆರಡು ಇಂಚಿನ ಸಿಂಗಲ್ ಸಿಕ್ಕರೆ ಸದ್ದು ಇನ್ನೂ ದಪ್ಪ, ಆದರೆ ಅವು ಡಿಜೆಗಳ ಕೈಯಲ್ಲಿ ಹಿಂದೆ ಮುಂದೆ ತಿರುಗಿ ಬಂದಿರುತ್ತವೆ, ಹಾಡಿನ ಆರಂಭದಲ್ಲೇ ಚರಪರ ಇರುತ್ತದೆ. ಸಿನಿಮಾ ಎಲ್‌ಪಿ ಎಷ್ಟು ಬೇಕಾದರೂ ಸಿಗುತ್ತದೆ, ಹೆಚ್ಚಿನವು ಪಾರ್ಟಿಗಳಲ್ಲಿ ಸವೆದವು. ನಿಮ್ಮದನ್ನು ಬದಲಿಸುವುದಾದರೆ ಹೊಳಪು ನೋಡಿ ಮೋಸಹೋಗಬೇಡಿ, ಅಂಗಡಿಯವರಿಗೆ ನಾಲ್ಕನೇ ಬದಿಯ ಕೊನೆಯ ಮೂರು ನಿಮಿಷ ಹಾಕಿಸಿ ಕೇಳಿ. ಅಲ್ಲಿ ‘ತ್ಸಿ’ ಒಡೆಯದೆ ಬಂದರೆ ತೆಗೆದುಕೊಳ್ಳಿ.